ಮುಳ್ಳಿಲ್ಲದ ಕುಸುಬೆ

ಎಲ್ಲೋ ಸಮುದ್ರದಾಚೆ ಎರಡು ದೇಶ ಬಡಿದಾಡಿದರೆ ಹಿರೇಕೊಟ್ನೆಕಲ್ ಬಸ್ ಸ್ಟ್ಯಾಂಡಿನ ಮಿರ್ಚಿ ಯಾಕೆ ಸಣ್ಣದಾಗಬೇಕು? ರೈತರ ಸಭೆ ಎಲ್ಲಿ ನಡೆದರೂ ಉಮಾದೇವಿ ಮೊದಲು ಕೇಳುತ್ತಿದ್ದ ಪ್ರಶ್ನೆ ಇದು. ಜನ ನಗುತ್ತಿದ್ದರು. ನಗಲಿ ಎಂದೇ ಅವಳು ಕೇಳುತ್ತಿದ್ದದ್ದು. ಆಮೇಲೆ ಅವಳೇ ಬಿಡಿಸಿ ಹೇಳುತ್ತಿದ್ದಳು: ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ, ಆ ಕಡೆಯವರು ಕೊಡುವುದಿಲ್ಲ ಎಂದರೆ ನಮ್ಮ ಬಾಣಲೆ ಒಣಗುತ್ತದೆ, ಮಿರ್ಚಿ ಮಾರುವವನು ರೇಟು ಏರಿಸಿದರೆ ಗಿರಾಕಿ ಬೈಯುತ್ತಾರೆ ಅಂತ ಸಣ್ಣ ಮೆಣಸಿನಕಾಯಿ ಆರಿಸುತ್ತಾನೆ. ಒಂದು ಕಾಲಕ್ಕೆ ಇದೇ ಎರೆ ಹೊಲದಲ್ಲಿ ಊರಿಗೆ ಸಾಲುವಷ್ಟು ಎಣ್ಣೆ ಬೆಳೆಯುತ್ತಿತ್ತಲ್ಲ, ಅದೆಲ್ಲಿ ಹೋಯಿತು ಎಂದು ಕೇಳುವಾಗ ಮಾತ್ರ ಅವಳ ದನಿ ತುಸು ಏರುತ್ತಿತ್ತು.

ಉಮಾದೇವಿ ಮಾನ್ವಿ ತಾಲ್ಲೂಕಿನಲ್ಲಿ ಸಹಾಯಕ ಕೃಷಿ ಅಧಿಕಾರಿ. ಅಧಿಕಾರಿ ಎಂದ ಕೂಡಲೇ ಜೀಪು, ಜವಾನ ಅಂತೆಲ್ಲ ಅಂದುಕೊಳ್ಳಬೇಡಿ. ಮುಂಜಾನೆ ರಾಯಚೂರಿನಿಂದ ಬಸ್ಸು, ಸೀಟು ಸಿಕ್ಕರೆ ಪುಣ್ಯ. ಮಾನ್ವಿಯಲ್ಲಿ ಇಳಿದರೆ ಕಚೇರಿಯ ಹಿಂದೆ ನಿಲ್ಲಿಸಿದ ಸ್ಕೂಟಿ, ಅದರ ಮೇಲೆ ಹಳ್ಳಿ ಹಳ್ಳಿ. ಗಂಡ ಯಲ್ಲಾಲಿಂಗ ರಾಯಚೂರಿನಲ್ಲೇ ಹೈಸ್ಕೂಲು ಮಾಸ್ತರ. ಹೆಂಡತಿ ಮೊದಲ ಬಸ್ಸು ಹತ್ತುತ್ತಾಳೆಂದು ಮನೆಯಲ್ಲಿ ರೊಟ್ಟಿ ಬಡಿಯುವವನೂ ಅವನೇ. ಇದನ್ನು ಕೇಳಿ ಮೂಗು ಮುರಿಯುವವರು ಮುರಿಯಲಿ, ಅವನು ಬಡಿದ ರೊಟ್ಟಿ ಉಬ್ಬುತ್ತದೆ.

ಅವಳು ಹುಟ್ಟಿದ್ದು ಹಿರೇಕೊಟ್ನೆಕಲ್‌ನಲ್ಲೇ, ಕೂಲಿ ಮಾಡಿ ಉಣ್ಣುವ ಮನೆಯಲ್ಲಿ. ಅಪ್ಪ ಗದ್ದೆಪ್ಪ ರಾಯಚೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವನು, ಅವಳು ಸಣ್ಣವಳಿದ್ದಾಗಲೇ ತೀರಿಹೋದ. ಅವ್ವ ಮಾನಮ್ಮ ಮರಿಸ್ವಾಮಿಯವರ ಹೊಲದಲ್ಲಿ ದುಡಿದು ಮಗಳನ್ನು ಸಾಕಿದಳು. ಮರಿಸ್ವಾಮಿ ಊರಿನ ಗೌಡ, ದೊಡ್ಡ ರೈತ, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕೆಟ್ಟವನಲ್ಲ. ಕೂಲಿ ಹಿಡಿದಿಟ್ಟುಕೊಂಡವನಲ್ಲ. ಆದರೆ ಕುಸುಬೆ ಕೀಳುವ ದಿನ ಬಂತೆಂದರೆ ಕೇರಿಯ ಹೆಂಗಸರು ಅವನ ಹೆಸರು ಹಿಡಿದು ಶಾಪ ಹಾಕುತ್ತಿದ್ದರು.

ಕುಸುಬೆ ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳುತ್ತೇನೆ. ಎಲೆಯ ಅಂಚಿಗೆ ಮುಳ್ಳು, ಕಾಯಿಯ ಸುತ್ತ ಮುಳ್ಳು, ಒಣಗಿದ ಮೇಲೆ ಒಂದೊಂದೂ ಸೂಜಿ. ಇಬ್ಬನಿಯಲ್ಲಿ ನೆನೆದಾಗ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆಂದು ಬೆಳಕು ಹರಿಯುವ ಮುಂಚೆಯೇ ಹೊಲಕ್ಕೆ ಹೋಗಬೇಕು. ಹಳೇ ಸೀರೆಯ ಚಿಂದಿ ಕೈಗೆ ಸುತ್ತಿಕೊಂಡು, ಬುಡ ಹಿಡಿದು ಕೀಳಬೇಕು. ಎಷ್ಟು ಸುತ್ತಿಕೊಂಡರೂ ಚುಚ್ಚುವುದು ತಪ್ಪದು. ಸಂಜೆ ಮಾನಮ್ಮ ಹೊಸ್ತಿಲಲ್ಲಿ ಅಂಗೈ ಚಾಚಿ ಕೂತರೆ, ಪಿನ್ನು ಹಿಡಿದು ಮುಳ್ಳು ತೆಗೆಯುವುದು ಉಮಾದೇವಿಯ ಪಾಲಿನ ಕೆಲಸ. ಒಂದು ದಿನವೂ ಮಗಳನ್ನು ಕುಸುಬೆ ಹೊಲಕ್ಕೆ ಇಳಿಯಗೊಡಲಿಲ್ಲ ಆ ತಾಯಿ. ಹತ್ತಿ ಬಿಡಿಸಲು ಕರೆದೊಯ್ದಳು, ಭತ್ತದ ನಾಟಿಗೆ ಕರೆದೊಯ್ದಳು, ಕುಸುಬೆಗೆ ಮಾತ್ರ ಇಲ್ಲ.

ಹೀಗಿರುವಾಗ ಕಾಲುವೆ ನೀರಿನ ಭತ್ತ ಹೆಚ್ಚಾಯಿತು, ಹತ್ತಿ ಬಂತು, ಕೂಲಿಗೆ ಬೇರೆ ದಾರಿಗಳಾದವು. ಕೇರಿಯ ಹೆಂಗಸರೆಲ್ಲ ಒಂದು ವರ್ಷ ಮಾತಾಡಿಕೊಂಡು ಹೇಳಿಬಿಟ್ಟರು: ಮುಳ್ಳಿನ ಕೆಲಸಕ್ಕೆ ಬರುವುದಿಲ್ಲ. ಕೀಳುವವರಿಲ್ಲದ ಮೇಲೆ ಬಿತ್ತುವವರು ಯಾರು? ಕುಸುಬೆ ಹೋಯಿತು, ಅದರ ಹಿಂದೆ ಊರಿನ ಗಾಣ ಹೋಯಿತು, ಅಂಗಡಿಯಲ್ಲಿ ಪಾಕೀಟಿನ ಎಣ್ಣೆ ಬಂದು ತೂಗಾಡಿತು. ಎಣ್ಣೆಕಾಳು ಯಾಕೆ ಹೋಯಿತೆಂದು ಓದಿದವರು ನೂರು ಕಾರಣ ಬರೆಯುತ್ತಾರೆ, ಅವೂ ನಿಜವೇ ಇರಬಹುದು. ಉಮಾದೇವಿ ಪರೀಕ್ಷೆಯಲ್ಲಿ ಆ ನೂರನ್ನೂ ಬರೆದು ಪಾಸಾದವಳು. ತನ್ನೂರಿನ ಮಟ್ಟಿಗೆ ಕಾರಣ ಅವ್ವನ ಅಂಗೈ ಎಂಬುದು ಅವಳಿಗೆ ಗೊತ್ತಿತ್ತು.

ಹಾಸ್ಟೆಲಿನಲ್ಲಿದ್ದು ಓದಿದಳು, ರಾಯಚೂರಿನಲ್ಲಿ ಕೃಷಿ ಪದವಿ ಮುಗಿಸಿದಳು. ದೇವದುರ್ಗದಲ್ಲಿ ಮೊದಲ ನೌಕರಿ, ಅಲ್ಲಿಂದ ಮಾನ್ವಿಗೆ ವರ್ಗ. ಭೂಮಿಯಿಲ್ಲದವರಿಗೆ ಹೊಲ ಕೊಡಿಸುವ ಸರ್ಕಾರಿ ನಿಗಮದಿಂದ ಮಾನಮ್ಮನಿಗೆ ಎರಡೆಕರೆ ಖುಷ್ಕಿ ಹೊಲವೂ ಬಂತು. ಅಳಿಯನೂ ಮಗಳೂ ರಾಯಚೂರಿಗೆ ಬಾ ಎಂದರೆ, "ನನ್ನ ಹೊಲ ಯಾರ ನೋಡ್ತಾರ, ನಿಮ್ಮಪ್ಪನಾ?" ಎಂದು ನಕ್ಕು ಊರಲ್ಲೇ ಉಳಿದಳು.

ಮುಳ್ಳಿಲ್ಲದ ಕುಸುಬೆಯನ್ನು ಉಮಾದೇವಿ ಮೊದಲು ಕಂಡದ್ದು ರಾಯಚೂರಿನ ಒಂದು ತರಬೇತಿಯಲ್ಲಿ. ಎಣ್ಣೆಕಾಳು ಹೆಚ್ಚಿಸಿ, ಹೊರಗಿನಿಂದ ತರಿಸುವುದು ಕಡಿಮೆ ಮಾಡಿ ಎಂದು ಸರ್ಕಾರ ಒತ್ತಾಯ ಮಾಡುತ್ತಿದ್ದ ಕಾಲ. ಉಳಿದವರು ಊಟದ ಸಾಲಿನಲ್ಲಿ ನಿಂತಿದ್ದಾಗ ಇವಳು ಆ ಗಿಡದ ಎಲೆಯನ್ನು ಅಂಗೈಯಿಂದ ಸವರಿ ನೋಡಿದಳು. ಏನೂ ಚುಚ್ಚಲಿಲ್ಲ. ಕಣ್ಣಲ್ಲಿ ನೀರು ಬಂತು, ಧೂಳು ಬಿತ್ತೆಂದು ಸುಳ್ಳು ಹೇಳಿದಳು. ಒಂದು ಗಿಡ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸೀದಾ ಊರಿನ ಬಸ್ಸು ಹತ್ತಿದಳು.

ಮಾನಮ್ಮ ಗಿಡವನ್ನು ತಿರುವಿ ಮುರುವಿ ನೋಡಿದಳು.

"ಅಯ್ಯ, ಇದೇನ್ ಬೇ ಇದು, ತಲಿ ಬೋಳಿಸಿ ಬಿಟ್ಟಂಗದ!"

"ಮುಳ್ಳಾ ಇಲ್ಲ ಯವ್ವಾ. ಬರಿಗೈಲೆ ಕೀಳಬಹುದು."

"ಎಣ್ಣಿ ಬರ್ತದೇನು ಇದರಾಗ?"

"ಬರ್ತದ. ನಿನ್ನ ಹೊಲಕ್ಕೂ ಬೀಜ ಕೊಡ್ತೀನಿ."

ಮಾನಮ್ಮ ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. "ನಾವು ಮುದುಕ್ಯಾರಾದ ಮ್ಯಾಲ ಬಂತು ನೋಡು ಹಾಟ್ಯಾಂದು" ಎಂದು ಗಿಡವನ್ನು ಪ್ರೀತಿಯಿಂದಲೇ ಬೈದಳು.

ಆ ಹಿಂಗಾರಿಗೆ ಉಮಾದೇವಿ ಮನೆಮನೆಗೆ ತಿರುಗಿದಳು. ಮುಳ್ಳಿಲ್ಲ, ಕೂಲಿಯವರು ಬರುತ್ತಾರೆ, ನಮ್ಮೆಣ್ಣೆ ನಾವೇ ಉಣ್ಣೋಣ. ಮಾನಮ್ಮನ ಮಗಳು ಹೇಳಿದ್ದಾಳೆಂದು ಹಲವರು ಬೀಜ ಒಯ್ದರು. ಮರಿಸ್ವಾಮಿ ಕೂಡ ಒಯ್ದ. ಆಗಾಗ ಬಂದು ಮೊಳಕೆ ನೋಡಿದಳು, ಎಲೆಗೆ ಹತ್ತಿದ ಹೇನು ನೋಡಿದಳು, ಔಷಧ ಹೇಳಿದಳು. ಜನ ಕುಸುಬೆಯನ್ನು ಎಲ್ಲಿ ಬಿತ್ತಿದ್ದಾರೆ ಎಂಬುದೂ ಅವಳ ಕಣ್ಣಿಗೆ ಬಿದ್ದೇ ಇತ್ತು. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ.

ಯಾರಿಗೂ ಕಾಣಲಿಲ್ಲ ಅನ್ನಿ. ಆ ನಾಡಿನಲ್ಲಿ ಕುಸುಬೆ ಎಂದರೆ ಬದುವಿನ ಬೆಳೆ. ನಡುವೆ ಬಿಳಿಜೋಳ, ನಾಲ್ಕೂ ಸುತ್ತ ನಾಕಾರು ಸಾಲು ಕುಸುಬೆ. ಅಜ್ಜ ಹಾಗೆ ಬಿತ್ತಿದ, ಅಪ್ಪ ಹಾಗೆ ಬಿತ್ತಿದ. ಹೊಸ ಬೀಜ ಕೈಗೆ ಬಂದಾಗಲೂ ಎತ್ತು ತಾನಾಗಿ ಬದುವಿನ ಗುಂಟ ನಡೆಯಿತು. ಇಡೀ ಹೊಲಕ್ಕೆ ಹಾಕಿ ಎಂದು ಉಮಾದೇವಿ ಹೇಳಿದ್ದಳು. ಹೂಂ ಎಂದವರೆಲ್ಲ ಜೋಳದ ಸುತ್ತಲೇ ಹಾಕಿದರು. ಇಷ್ಟಾದರೂ ಹಾಕಿದರಲ್ಲ ಎಂದು ಅವಳೂ ಸುಮ್ಮನಾದಳು.

ಜೋಳ ಸೀತನಿಗೆ, ಅಂದರೆ ಎಳೆಗಾಳು ಸುಟ್ಟು ತಿನ್ನುವ ಹದಕ್ಕೆ, ಬಂತು. ಅಷ್ಟರಲ್ಲಿ ಹತ್ತಿ ಬಿಡಿಸಿ ಮುಗಿದು, ಊರಿನ ದನ ಎಮ್ಮೆಗಳನ್ನು ಬಯಲಿಗೆ ಬಿಟ್ಟರು. ಹಿಂದಿನ ಕಾಲದಲ್ಲಿ ಅವು ಕುಸುಬೆಯ ಸಾಲಿಗೆ ಮೂತಿ ತಗುಲಿಸಿ, ಚುಚ್ಚಿಸಿಕೊಂಡು, ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಕುಸುಬೆ ಇಲ್ಲದ ವರ್ಷಗಳಲ್ಲಿ ಜಾಲಿಮುಳ್ಳು ಕಡಿದು ಬೇಲಿ ಹಾಕುತ್ತಿದ್ದರು, ಕುಸುಬೆ ಇದೆಯಲ್ಲ ಎಂದು ಈ ಸಲ ಅದನ್ನೂ ಬಿಟ್ಟಿದ್ದರು. ದನಗಳು ಮೂತಿ ಇಟ್ಟವು, ಚುಚ್ಚಲಿಲ್ಲ. ಎಳೆ ಎಲೆಯ ಪಲ್ಯ ಮನುಷ್ಯರಿಗೇ ರುಚಿ, ಎಮ್ಮೆ ಬಿಟ್ಟೀತೇ? ಕುಸುಬೆ ಮೇಯುತ್ತ ಮೇಯುತ್ತ ಜೋಳದೊಳಗೆ ಹೋದವು. ನೋಡಿ ಓಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದೇ ವಾರದಲ್ಲಿ ಊರಿನ ಅರ್ಧ ಜೋಳ ಹೀಗೆ ಹಾಳಾಯಿತು. ಮುಳ್ಳು ತೆಗೆದದ್ದು ಕೂಲಿಯವರ ಕೈಗಾಗಿ. ದನಕ್ಕೂ ಅದೇ ಬಾಗಿಲು ತೆರೆದಿದ್ದು ಯಾರ ತಲೆಗೂ ಹೊಳೆಯಲಿಲ್ಲ.

ಸುದ್ದಿ ತಿಳಿದು ಉಮಾದೇವಿ ಓಡಿ ಬಂದಾಗ ಮರಿಸ್ವಾಮಿ ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ಮಂಡಾಳ ಒಗ್ಗರಣೆ ತಿನ್ನುತ್ತ ಕೂತಿದ್ದ. ಸುತ್ತ ಜನ.

"ಬರ್ರಿ ಮೇಡಂ, ಬರ್ರಿ! ನಿಮ್ಮ ಕುಸುಬಿ ನಮ್ಮ ಎಮ್ಮಿಗೆ ಭಾಳ ರುಚಿ ಹತ್ಯಾದ ನೋಡ್ರಿ. ಹಾಲಿನಾಗ ಎಣ್ಣಿ ತೇಲಾಕತ್ತದ!"

ಎಲ್ಲರೂ ನಕ್ಕರು. ಉಮಾದೇವಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. "ತಪ್ಪಾತ್ರಿ" ಎಂದಷ್ಟೇ ಹೇಳಿ ಸ್ಕೂಟಿ ಹತ್ತಿದಳು.

ಅವ್ವನ ಎರಡೆಕರೆಗೆ ಹೋದರೆ ಅಲ್ಲಿಯೂ ಅದೇ. ವರ್ಷದ ರೊಟ್ಟಿ ಅದು, ತುಳಿತಕ್ಕೆ ಸಿಕ್ಕು ನೆಲಕ್ಕೆ ಬಿದ್ದಿತ್ತು. ಮಾನಮ್ಮ ಉಳಿದ ತೆನೆಗಳನ್ನು ಉಡಿಯಲ್ಲಿ ಆರಿಸಿಕೊಳ್ಳುತ್ತಿದ್ದಳು. ಮಗಳು ಬದುವಿನ ಮೇಲೆ ಕೂತು ಅತ್ತಳು. ಸಣ್ಣಗೆ ಅಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ ಬೇ. ನಾನೂ ಬದುವಿಗೇ ಹಾಕಿದ್ನಲ್ಲ" ಎಂದಳು ಮಾನಮ್ಮ. "ಕುಸುಬಿ ಅಂದ ಕೂಡ್ಲೇ ಕೈ ತಾನಾ ಬದುವಿಗೆ ಹೋತು."

ಮುಂದಿನ ವರ್ಷ ಊರು ಕುಸುಬೆಯನ್ನು ಮುಟ್ಟದಿದ್ದರೆ ಉಮಾದೇವಿಯ ನೌಕರಿಗೇನೂ ಧಕ್ಕೆಯಿರಲಿಲ್ಲ, ಅದು ಸರ್ಕಾರಿ ನೌಕರಿ. ಅವಳನ್ನು ಸುಟ್ಟದ್ದು ಬೇರೆ. ಇಷ್ಟು ವರ್ಷಕ್ಕೆ ಒಂದು ಸಲ ಊರು ಅವಳ ಮಾತು ನಂಬಿತ್ತು, ಅದೇ ಸಲ ಊರಿನ ಜೋಳ ಹೋಯಿತು. ಇನ್ನೊಮ್ಮೆ ನಂಬಿಸದಿದ್ದರೆ ಹಿರೇಕೊಟ್ನೆಕಲ್‌ನಲ್ಲಿ ಎಣ್ಣೆಕಾಳಿನ ಮಾತು ಅಲ್ಲಿಗೇ ಸತ್ತಂತೆ.

ಅವಳೇ ಕೂತು ಯೋಚಿಸಿ ದಾರಿ ಹುಡುಕಿದಳು. ಮುಳ್ಳಿಲ್ಲದ್ದನ್ನು ನಡುವೆ ಇಡೀ ಹೊಲಕ್ಕೆ ಹಾಕಬೇಕು; ಕಟಾವಿಗೆ ಮಷಿನ್ನು ಬರುತ್ತದೆ, ಕೂಲಿಯೂ ಬರುತ್ತದೆ. ನಾಲ್ಕೂ ಸುತ್ತ ಹಳೆಯ ಮುಳ್ಳಿನ ಕುಸುಬೆ, ದನ ತಡೆಯಲಿಕ್ಕೆ. ಹಳೆಯ ಬೀಜ ಈಗ ಎಲ್ಲಿದೆ? ಮಾನ್ವಿಯಲ್ಲಿ ಎಣ್ಣೆ ಗಾಣ ನಡೆಸುವ ಖಾಸಿಂ ಸಾಬ್ ಹೇಳಿದ. "ದೇವದುರ್ಗದ ಕಡೆ ಇನ್ನಾ ಹಾಕ್ತಾರ್ರಿ ಮೇಡಂ. ನೀರಾವರಿ ಮುಟ್ಟದ ಊರು. ನನ್ನ ಗಾಣ ತಿರುಗಾಕತ್ತಿದ್ದು ಅವರ ಮ್ಯಾಲೇ." ತನ್ನ ಹಳೆಯ ನೌಕರಿಯ ಊರುಗಳಿಗೇ ಹೋಗಿ ಬೀಜ ತಂದಳು.

ಬಿತ್ತನೆಗೆ ಮುಂಚೆ ಸೊಸೈಟಿಯ ಅಂಗಳದಲ್ಲಿ ಸಭೆ ಕರೆದಳು. ಮಿರ್ಚಿಯ ಮಾತು ಆಡಲಿಲ್ಲ. ಹೋದ ವರ್ಷ ತಾನು ಎಲ್ಲಿ ತಪ್ಪಿದೆ, ಈಗ ಏನು ಮಾಡಬೇಕು ಎಂದು ಸರಳವಾಗಿ ಹೇಳಿದಳು. ಜನ ಮರಿಸ್ವಾಮಿಯ ಮುಖ ನೋಡಿದರು. ಅವನು ಹಾಕಿದರೆ ಉಳಿದವರು ಹಾಕುತ್ತಾರೆ, ಊರಿನ ರೂಢಿಯೇ ಹಾಗೆ.

"ಎಲ್ಲಾ ಖರೆ ಅದರೀ" ಎಂದ ಮರಿಸ್ವಾಮಿ. "ಸುತ್ತಲಿನ ಮುಳ್ಳು ಯಾರು ಕೀಳ್ತಾರ? ಬದುವಿನ ಸಾಲಿಗೆ ಮಷಿನ್ ಬರಂಗಿಲ್ಲ."

ಹಿಂದೆ ಗೋಡೆಗೆ ಒರಗಿ ಕೂತಿದ್ದ ಮಾನಮ್ಮ ಎದ್ದಳು. "ಯಾರು ಬಿತ್ತತಾರ ಅವರಾ ಕೀಳಬೇಕ್ರಿ. ನಮ್ಮ ಓಣ್ಯಾಗಿನ ಹೆಣ್ಮಕ್ಕಳು ಒಬ್ರೂ ಬರಂಗಿಲ್ಲ. ಈಗೇ ಹೇಳಿರ್ತೀನಿ."

"ನಾ ಕೀಳ್ಲೇನು ಮಾನಮ್ಮ, ಈ ಸೊಂಟ ಇಟ್ಕೊಂಡು?" ಮರಿಸ್ವಾಮಿ ನಕ್ಕ.

"ನಿಮಗ ಸೊಂಟ ಬಗ್ಗದಿದ್ರ ಮನ್ಯಾಗ ಗೌಡತ್ಯಾರು ಅದಾರಲ್ರಿ."

ಮರಿಸ್ವಾಮಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ನಡೆದ. ಸಭೆ ಮುಗಿಯಿತು.

ದಾರಿಯಲ್ಲಿ ಉಮಾದೇವಿ ಅವ್ವನ ಮೇಲೆ ಹರಿಹಾಯ್ದಳು. "ಬಾಯಿ ಮುಚ್ಕೊಂಡು ಕುಂದ್ರಾಕ ಏನಾಗಿತ್ತು ನಿನಗ? ಎಲ್ಲಾ ಕೂಡಿ ಬಂದಿತ್ತು, ಒಂದ್ ಮಾತಿನಾಗ ಹಾಳ ಮಾಡಿದಿ!"

ಮಾನಮ್ಮ ನಡೆಯುವುದು ನಿಲ್ಲಿಸಿ ಮಗಳ ಮುಖ ನೋಡಿದಳು. "ನಿನ್ನ ಎಣ್ಣಿ ಸಲುವಾಗಿ ಮತ್ತ ನಮ್ಮವರ ಕೈಗೇ ಮುಳ್ಳು ಚುಚ್ಚಬೇಕೇನು? ಅದಕ್ಕಾ ನಿನ್ನ ಓದಿಸಿದ್ದು ನಾನು?"

ಉಮಾದೇವಿ ತಲೆ ತಗ್ಗಿಸಿ ಅವ್ವನ ಹಿಂದೆ ಮನೆಗೆ ನಡೆದಳು.

ಆದದ್ದೇನೆಂದರೆ, ಕೆಲವು ದಿನ ಬಿಟ್ಟು ಮರಿಸ್ವಾಮಿ ತಾನೇ ಬಂದು ಎರಡೂ ಬಗೆಯ ಬೀಜ ಒಯ್ದ. ಮುಖ ಮಾತ್ರ ಕೊಡಲಿಲ್ಲ. "ನೀಲಗಂಗಮ್ಮನ ಹಟರೀ. ಪಾಕೀಟಿನ ಎಣ್ಣಿ ಬ್ಯಾಡಂತ, ಕುಸುಬಿ ರುಬ್ಬಿ ತಗದ ಹಾಲಿನ ಹುಗ್ಗಿ ಉಣ್ಣಬೇಕಂತ" ಎಂದ. ನೀಲಗಂಗಮ್ಮ ಅವನ ಹೆಂಡತಿ. ಪೂಜೆ ಮುಗಿಯದೆ ಬಾಯಿಗೆ ನೀರು ಹಾಕುವವಳಲ್ಲ, ಯಾರ ಮನೆಗೂ ಹೋಗುವವಳಲ್ಲ. ಅವನು ಬಿತ್ತಿದ್ದು ನೋಡಿ ಉಳಿದವರೂ ಬಿತ್ತಿದರು. ಮಾನಮ್ಮನೂ ತನ್ನ ಎರಡೆಕರೆಗೆ ಮುಳ್ಳಿನ ಸುತ್ತು ಹಾಕಿದಳು.

ಆ ವರ್ಷ ದನ ಬಿಟ್ಟರು. ಎಮ್ಮೆಗಳು ಬಂದವು, ಮೂತಿ ಇಟ್ಟವು, ಫೂ ಎಂದು ಹಿಂದೆ ಸರಿದವು. ಒಳಗಿನ ಬೆಳೆ ಹಳದಿ ಹೂವು ಬಿಟ್ಟು, ಕಾಳು ಕಟ್ಟಿ, ಒಣಗಿತು. ಮರಿಸ್ವಾಮಿಯ ಹೊಲಕ್ಕೆ ಮಷಿನ್ನು ಬಂದು ನಡುವಿನದನ್ನು ಕೊಯ್ದು ಚೀಲ ತುಂಬಿತು. ಸುತ್ತಲಿನ ಸಾಲು ಮಾತ್ರ ನಿಂತೇ ಉಳಿಯಿತು. ಮರಿಸ್ವಾಮಿ ಕೂಲಿಯವರಿಗಾಗಿ ಪಕ್ಕದೂರು ಕುರ್ಡಿಗೆ ಹೇಳಿ ಕಳಿಸಿದ, ಎರಡು ಪಟ್ಟು ಕೂಲಿ ಎಂದ. ಯಾರೂ ಬರಲಿಲ್ಲ. ಬಿಸಿಲು ಬಿರುಸಾಗುತ್ತಿತ್ತು, ಇನ್ನೂ ಕೆಲವು ದಿನ ಬಿಟ್ಟರೆ ಕಾಳು ನೆಲಕ್ಕೆ ಉದುರುತ್ತಿತ್ತು. "ಒಂದ್ ಕೆಲಸ ಬಿಡಿಸಿ ಇನ್ನೊಂದ್ ತೆಲಿಗೆ ಕಟ್ಟಿದ್ರು ನೋಡು" ಎಂದು ಹೋಟೆಲಿನ ಮುಂದೆ ಮಾತು ಶುರುವಾಯಿತು. ಮುಂದಿನ ವರ್ಷ ಬ್ಯಾಡಪ್ಪ ಎಂದು ಕೆಲವರು ಆಗಲೇ ಅಂದೂ ಬಿಟ್ಟಿದ್ದರು.

ಆ ಮಾತು ಉಮಾದೇವಿಯ ಕಿವಿಗೂ ಬಿತ್ತು. ಒಂದೇ ಒಂದು ಸಲ ಓಣಿಯ ಹೆಂಗಸರನ್ನು ಕರೆದುಕೊಂಡು ಹೋಗು ಎಂದು ಅವ್ವನ ಕಾಲು ಹಿಡಿಯುವುದು, ಇಷ್ಟೇ ಉಳಿದದ್ದು. ಹಾಗೆ ಕೇಳುವುದು ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲ ಬಸ್ಸು ಹತ್ತಿದಳು.

ಮನೆ ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯ ಅನ್ವರಿ ಬೇಗಂ ಅಂಗಳ ಗುಡಿಸುತ್ತಿದ್ದವಳು ತಲೆ ಎತ್ತಿದಳು. "ನಿಮ್ಮವ್ವ ಇನ್ನಾ ಕತ್ತಲಿದ್ದಾಗ ಹೋಗ್ಯಾಳ್ರಿ, ಮರಿಸ್ವಾಮಿಯವರ ಹೊಲಕ್ಕ. ಕೈಗೆ ಅರಿಬಿ ಸುತ್ಕೊಂಡು."

ಉಮಾದೇವಿಯ ಎದೆ ಹಗುರಾಯಿತು. ಮರುಗಳಿಗೆಯೇ ಆ ಹಗುರಾದದ್ದಕ್ಕೆ ನಾಚಿಕೆ ಬಂತು. ಮಗಳ ಮಾನ ಉಳಿಸಲಿಕ್ಕೆ ಮುದುಕಿ ಮತ್ತೆ ಗೌಡರ ಮುಳ್ಳಿಗೆ ಕೈ ಕೊಟ್ಟಳಲ್ಲ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತ ಹೊಲದ ದಾರಿಯಲ್ಲಿ ಓಡಿದಳು.

ಹೊಲದ ಮೂಡಣ ಬದುವಿನಲ್ಲಿ ಇಬ್ಬರು ಹೆಂಗಸರು ಬಾಗಿದ್ದರು. ಒಬ್ಬಳು ಮಾನಮ್ಮ. ಇನ್ನೊಬ್ಬಳ ಸೆರಗು ಸೊಂಟಕ್ಕೆ ಕಟ್ಟಿತ್ತು, ಕೊರಳಲ್ಲಿ ಲಿಂಗದ ಕರಡಿಗೆ ತೂಗಾಡುತ್ತಿತ್ತು, ಎರಡೂ ಕೈಗೆ ಹಳೇ ಸೀರೆಯ ಚಿಂದಿ. ನೀಲಗಂಗಮ್ಮ! ಮರಿಸ್ವಾಮಿ ದೂರದಲ್ಲಿ ಕಿತ್ತ ಗಿಡಗಳನ್ನು ಕವೆಗೋಲಿನಿಂದ ಒಟ್ಟುತ್ತಿದ್ದ. ಅವನು ಉಮಾದೇವಿಯನ್ನು ಕಂಡರೂ ಕಾಣದವನಂತೆ ತಿರುಗಿಕೊಂಡ.

"ಯವ್ವಾ, ಯಾಕ ಬಂದಿ? ಕೂಲಿಗೆ ಬರಂಗಿಲ್ಲ ಅಂದಿದ್ದಿಲ್ಲೇನು?" ಉಮಾದೇವಿ ಏದುಸಿರಲ್ಲೇ ಕೇಳಿದಳು.

"ಕೂಲಿಗೆ ಯಾರು ಬಂದಾರ?" ಮಾನಮ್ಮ ನೆಟ್ಟಗಾದಳು. "ಮುಯ್ಯಿಗೆ ಬಂದೀನಿ. ನಾಳೆ ಅಕಿ ನನ್ನ ಹೊಲಕ್ಕ ಬರ್ತಾಳ."

ಮುಯ್ಯಿ ಎಂದರೆ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲ ಇದ್ದವರು ಹೊಲ ಇದ್ದವರ ಜೊತೆ ಆಡುವ ಮಾತು ಅದು. ಮಾನಮ್ಮನ ಓಣಿಗೂ ಮರಿಸ್ವಾಮಿಯ ಮನೆಗೂ ನಡುವೆ ಆ ಶಬ್ದ ಹಿಂದೆಂದೂ ಓಡಾಡಿರಲಿಲ್ಲ. ಉಮಾದೇವಿ ನೀಲಗಂಗಮ್ಮನ ಮುಖ ನೋಡಿದಳು. ಅವಳು ಹೌದೆಂದು ತಲೆ ಆಡಿಸಿ ಮತ್ತೆ ಸಾಲಿಗೆ ಬಾಗಿದಳು.

ಉಮಾದೇವಿ ಚಪ್ಪಲಿ ಬದುವಿಗೆ ಬಿಟ್ಟು ವೇಲನ್ನು ಕೈಗೆ ಸುತ್ತಿಕೊಳ್ಳತೊಡಗಿದಳು. ಈ ಸಲ ಅವ್ವ ತಡೆಯಲಿಲ್ಲ, ಪಕ್ಕದ ಸಾಲು ತೋರಿಸಿದಳು.

ಅಷ್ಟರಲ್ಲಿ ನೀಲಗಂಗಮ್ಮ "ಹಾ!" ಎಂದು ಕೈ ಹಿಂದೆಳೆದುಕೊಂಡಳು. ಚಿಂದಿ ಬಿಚ್ಚಿ ನೋಡಿದರೆ ಬೆರಳ ತುದಿಯಲ್ಲಿ ರಕ್ತ. ಅವಳು ಅದನ್ನು ಚಿಂದಿಗೆ ಒರೆಸಿಕೊಂಡಳು.

"ಮಾನಮ್ಮ, ಇಷ್ಟು ವರ್ಷ ಇದನ್ನ ಹೆಂಗ್ ಕಿತ್ತೀರಿ ನೀವು?"

"ನಿಮ್ಮ ಮನ್ಯಾಗ ಎಣ್ಣಿ ಬೇಕಿತ್ತಲ್ಲವ್ವ, ಕಿತ್ತೀವಿ" ಎಂದಳು ಮಾನಮ್ಮ. "ತೆನಿಗೆ ಕೈ ಹಾಕಬ್ಯಾಡ್ರಿ, ಬುಡಕ್ಕ ಹಿಡೀರಿ. ಹಾಂ, ಬಗ್ಗ್ರಿ ಇನ್ನಾ. ಬಿಸಿಲು ಏರೂದ್ರಾಗ ಈ ಸಾಲು ಮುಗೀಬೇಕು."